ಮುಸವೀರನ ತೋಳಿನ ಹಸಿರು ಬಟ್ಟೆ

ನಂಬುವವರು ನಂಬಲಿ. ದುಬೈನ ಗಾಲ್ಫ್ ಮೈದಾನದಲ್ಲಿ ಮರಳುಗುಂಡಿಗಳನ್ನು ಸಮ ಮಾಡುವುದು ಮುಸವೀರನ ಕೆಲಸ. ಹೊರಡುವಾಗ ದಾರಿಯ ಕಾವಲಿಗೆಂದು ತಾಯಿ ಖಾಜಾಬಿ ಅವನ ತೋಳಿಗೆ ಹಸಿರು ಬಟ್ಟೆ ಕಟ್ಟಿದ್ದರು. ಅವನು ರಜೆಗೆ ಸಿರಾಕ್ಕೆ ಬಂದೊಡನೆ ತಾವೇ ಅದನ್ನು ಬಿಚ್ಚಿ ಸೆರಗಿನಲ್ಲಿ ಗಂಟು ಹಾಕಿಕೊಂಡರು.

ಮರುದಿನ ತಾಯಿ ಮಗ ಇಬ್ಬರೂ ಟಿವಿಯಲ್ಲಿ ದುಬೈನ ಅದೇ ಮೈದಾನದ ಟೂರ್ನಿ ನೋಡುತ್ತಿದ್ದರು. ಸಿರಾದಲ್ಲಿ ಮಗ್ರಿಬ್ ನಮಾಜು ಮುಗಿದು ಕತ್ತಲಾಗಿತ್ತು. ಟಿವಿಯಲ್ಲಿ ಇನ್ನೂ ಬಿಸಿಲು. ಆಟಗಾರನ ಹಿಂದೆ ಮರಳು ಸಮ ಮಾಡುತ್ತಿದ್ದವನ ತೋಳಲ್ಲಿ ಹಸಿರು ಬಟ್ಟೆ. ಅವನು ಮುಖ ಎತ್ತಿದ. ಮುಸವೀರ್!

"ಯಾ ಅಲ್ಲಾ! ಇದು ಹೋದ ವರ್ಷದ್ದೇನೋ ಬೇಟಾ?"

"ಇಲ್ಲ ಅಮ್ಮಿ, ಲೈವೇ," ಎಂದ ಪಕ್ಕದಲ್ಲಿ ಕೂತವನು, ಟಿವಿಯಿಂದ ಕಣ್ಣು ಕೀಳದೆ. "ಅವ್ನಿನ್ನೂ ಬಿಸಿಲಲ್ಲೇ ಅವ್ನೆ."

ಖಾಜಾಬಿ ಸೆರಗಿನ ಗಂಟು ಬಿಚ್ಚಿದರು. ಬಟ್ಟೆ ಅಲ್ಲೇ ಇತ್ತು. ಅದಕ್ಕೆ ಮೆತ್ತಿದ್ದ ಮರಳು ಕೈ ಸುಡುತ್ತಿತ್ತು.