ನಡುವೆ ಹುಳಿ ಹಿಂಡಬೇಡಿ

"ಯಾರ್ರೀ ನೀವು? ನನ್ನ ಅಡುಗೆಮನೇಲಿ ಏನ್ ಮಾಡ್ತಿದೀರಾ?"

ಸಿಂಕಿನ ಮುಂದೆ ನಿಂತಿದ್ದವನು ಬೆಚ್ಚಿ ತಿರುಗಿದ. ಒಂದು ಕೈಯಲ್ಲಿ ತೆರೆದ ಟ್ಯೂನಾ ಮೀನಿನ ಡಬ್ಬಿ. ಇನ್ನೊಂದು ಕೈಯಲ್ಲಿ... ಅವಳ ಟೀ ಸೋಸುವ ಜರಡಿ!

"ನೀರು ಸೋಸ್ತಿದೀನಿ," ಎಂದ ಮೆಲ್ಲಗೆ.

"ಮೀನಿನ ನೀರಾ? ನನ್ನ ಟೀ ಜರಡೀಲಾ?"

ಹೊರಗಿನ ಕೋಣೆಯಿಂದ ಅಪ್ಪನ ನಗು ಕೇಳಿಸಿತು. "ಬ್ರೇಕ್ ಹಾಕು ಕಿಡಿ, ಬ್ರೇಕ್ ಹಾಕು! ಅವರು ಆಸ್ಪತ್ರೆಯಿಂದ ಬಂದಿರೋ ಫಿಸಿಯೋಥೆರಪಿಸ್ಟ್. ಕೆಳಗಿನ ಮನೆಯವರ ಹತ್ರ ಬೀಗದ ಕೈ ಇಸ್ಕೊಂಡು ಬಂದಿದಾರೆ."

ಮಗಳನ್ನು ಕಿಡಿ ಎಂದು ಕರೆಯಲು ಶುರುಮಾಡಿದ್ದು ಅಪ್ಪನೇ. ಜೀವಮಾನವೆಲ್ಲ ಬಸ್ಸು ಓಡಿಸಿದ ಆ ಮನುಷ್ಯ ಮಂಡಿಯ ಆಪರೇಷನ್ ಆದಾಗಿನಿಂದ ಕಿಟಕಿಯ ಪಕ್ಕದ ಕುರ್ಚಿಗೆ ಅಂಟಿಕೊಂಡಿದ್ದರು. ಯಾರಾದರೂ ಕೈ ಕೊಟ್ಟರಷ್ಟೇ ಏಳುವುದು.

"ಇವರ ತೊಡೇಲಿ ಬಲವೇ ಇಲ್ಲ," ಎಂದ ಅವನು. "ವ್ಯಾಯಾಮ ಮಾಡಿಸೋಣ ಅಂದ್ರೆ ಬೆಳಗಿಂದ ಹೊಟ್ಟೇಲಿ ಬರೀ ಟೀ, ಬಿಸ್ಕತ್ತು. ಇವರಿಗೆ ಪ್ರೋಟೀನ್ ಬೇಕು. ನನ್ನ ಮಧ್ಯಾಹ್ನದ ಊಟಕ್ಕೆ ಅಂತ ಈ ಡಬ್ಬಿ ಇತ್ತು, ಅದಕ್ಕೇ..."

"ಅಂದ್ರೆ ನಾನು ನಮ್ಮಪ್ಪನ್ನ ಉಪವಾಸ ಕೆಡವಿದೀನಿ ಅಂತಾನಾ?"

"ನಾನು ಹಾಗೆ ಹೇಳ್ಲಿಲ್ಲ."

"ಹೇಳ್ದೇನೇ ಹೇಳಿದ್ರಿ!"

ಅವಳ ಕಿವಿಯೆಲ್ಲ ಕೆಂಪಾಯಿತು. ಅವನ ಮಾತು ಸುಳ್ಳಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಬೆಳಿಗ್ಗೆ ಅಪ್ಪನ ಪಕ್ಕ ಊಟ ಮುಚ್ಚಿಟ್ಟು ಕನ್ನಡಕದ ಅಂಗಡಿಗೆ ಓಡುತ್ತಿದ್ದಳು. ಫ್ರೇಮಿಗೆ ತಕ್ಕಂತೆ ಗಾಜು ಉಜ್ಜುವ ಕೆಲಸ. ಸಂಜೆ ಬರುವಷ್ಟರಲ್ಲಿ ಊಟ ಹಾಗೆಯೇ ಇರುತ್ತಿತ್ತು. 'ಹಸಿವಿರಲಿಲ್ಲ ಕಣಮ್ಮ' ಎನ್ನುತ್ತಿದ್ದರು ಅಪ್ಪ.

ಅವನು ಹೋದ ಮೇಲೆ ಕಸದ ಬುಟ್ಟಿ ನೋಡಿದಳು. ಡಬ್ಬಿಯ ಚೂಪು ಮುಚ್ಚಳವನ್ನು ಕಾಗದದಲ್ಲಿ ಎರಡು ಸುತ್ತು ಸುತ್ತಿ ಹಾಕಿದ್ದ. ಕಸ ಒಯ್ಯುವವರ ಕೈ ಕುಯ್ಯದಿರಲಿ ಎಂದು.

ಕಂಡೂ ಕಾಣದವಳಂತೆ ಬುಟ್ಟಿ ಮುಚ್ಚಿದಳು. ಕೋಪದಲ್ಲಿರುವಾಗ ಅಂಥದ್ದೆಲ್ಲ ಕಣ್ಣಿಗೆ ಬೀಳಬಾರದು!

ಕೋಪಕ್ಕೆ ಇನ್ನೊಂದು ಕಾರಣವೂ ಇತ್ತು. ಬೇರೆ ಊರಿನಲ್ಲಿದ್ದ ಅಣ್ಣ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದ. "ಮುಂದಿನ ತಿಂಗಳ ಮೊದಲ ಭಾನುವಾರ ಬರ್ತೀನಿ. ಅಷ್ಟರೊಳಗೆ ಅಪ್ಪ ಕುರ್ಚಿಯಿಂದ ತಾವಾಗೇ ಎದ್ರೆ ಸರಿ. ಇಲ್ದಿದ್ರೆ ಆರೈಕೆ ಕೇಂದ್ರಕ್ಕೆ ಸೇರಿಸೋಣ. ಹಗಲೆಲ್ಲ ಒಬ್ಬರೇ ಇರೋದು ನನಗೆ ಭಯ, ಪುಟ್ಟಿ."

ಅಪ್ಪನಿಲ್ಲದ ಮನೆ! ಅದನ್ನು ಅವಳಿಗೆ ನೆನೆಯಲೂ ಆಗುತ್ತಿರಲಿಲ್ಲ.

ಹಾಗಾಗಿ ಹಲ್ಲು ಕಚ್ಚಿಕೊಂಡೇ ಆ ಫಿಸಿಯೋಥೆರಪಿಸ್ಟನಿಂದ ಟ್ಯೂನಾ ಸಲಾಡ್ ಮಾಡಲು ಕಲಿತಳು. ಎಣ್ಣೆಯಲ್ಲಿ ನೆನೆದ ಮೀನು ಬೇಡ, ನೀರಿನಲ್ಲಿಟ್ಟದ್ದು ಬೇಕು. ನೀರನ್ನು ಪೂರ್ತಿ ಸೋಸಬೇಕು. ಬೇಯಿಸಿದ ಕಡಲೆಕಾಳು, ಮೊಟ್ಟೆ, ಬೀಜ ತೆಗೆದ ಸೌತೆಕಾಯಿ, ಸಣ್ಣಗೆ ಹೆಚ್ಚಿದ ಈರುಳ್ಳಿ. ಮಯೋನೀಸ್ ಬದಲು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು, ಮೇಲೆ ಕರಿಮೆಣಸಿನ ಪುಡಿ.

"ಮೊಟ್ಟೆ ಇಷ್ಟು ದಪ್ಪ ಹೆಚ್ಚಿದ್ರೆ ಅವರು ಅಗಿಯೋದು ಹೇಗೆ?"

"ಡಬ್ಬಿ ಸಾಹೇಬ್ರೇ, ನಮ್ಮಪ್ಪನಿಗೆ ಹಲ್ಲಿದೆ!"

"ಇದೆಯಪ್ಪಾ, ನಾಲ್ಕು ಬಿಟ್ಟು ಎಲ್ಲಾ ಇದೆ," ಅಪ್ಪ ಕುರ್ಚಿಯಿಂದಲೇ ಕೂಗುತ್ತಿದ್ದರು. ಬಟ್ಟಲು ಮಾತ್ರ ಖಾಲಿಯಾಗುತ್ತಿತ್ತು.

ಒಂದು ಸಂಜೆ ಅವನ ಕಣ್ಣು ಅವಳ ಬೆರಳುಗಳ ಮೇಲೆ ನಿಂತಿತು. "ಇಷ್ಟೊಂದು ಗಾಯ...?"

"ಗಾಜಿನ ಕೆಲಸ. ದುಡಿಯೋರ ಕೈ ಹೀಗೇ ಇರುತ್ತೆ!" ಎಂದು ಕೈಯನ್ನು ಬೆನ್ನ ಹಿಂದೆ ಮುಚ್ಚಿಕೊಂಡಳು. 'ಛೆ! ಇವನು ನೋಡಿದರೆ ನನಗೇನು?'

ಮರುದಿನ ಅಂಗಡಿಗೆ ಅಣ್ಣನ ಫೋನು ಬಂತು. "ಇವತ್ತು ಆ ಫಿಸಿಯೋ ಹತ್ರ ಮಾತಾಡಿದೆ. ಭಾನುವಾರ ಬರ್ತೀನಿ, ಆಗ ಎಲ್ಲಾ ಹೇಳ್ತೀನಿ," ಎಂದು ಗಡಿಬಿಡಿಯಲ್ಲಿ ಇಟ್ಟುಬಿಟ್ಟ.

ಅದರ ಬೆನ್ನಿಗೇ, ಅಪ್ಪ ತಮಗೆ ಬಂದದ್ದನ್ನು ಹಾಗೇ ಕಳಿಸಿದ ಒಂದು ಧ್ವನಿ ಸಂದೇಶ. ಆ ಫಿಸಿಯೋನದೇ ದನಿ!

"ಯಜಮಾನ್ರೇ, ನಡುವೆ ಹುಳಿ ಹಿಂಡೋದು ಬೇಡ ಅಂತ ನಿಮ್ಮ ಮಗಳಿಗೆ ಹೇಳ್ಬಿಡಿ. ಸಂಜೆ ಬಂದು ನಾನೇ ನೋಡ್ಕೊಳ್ತೀನಿ."

ಉಜ್ಜುತ್ತಿದ್ದ ಗಾಜು ಅವಳ ಕೈಯಲ್ಲೇ ಚಟ್ಟೆಂದು ಒಡೆಯಿತು.

ಹುಳಿ ಹಿಂಡುವವಳಾ ನಾನು? ಅಪ್ಪನಿಗೂ ಅಣ್ಣನಿಗೂ ನಡುವೆ? ಇವನು ಅಣ್ಣನ ಜೊತೆ ಸೇರಿ ಅಪ್ಪನನ್ನು ಸಾಗಿಸಲು ಹೊರಟಿದ್ದಾನೆ!

ಸಂಜೆ ಅವನನ್ನು ಮೆಟ್ಟಿಲಲ್ಲೇ ತಡೆದಳು. ಅವನ ಕೈಯಲ್ಲಿ ನಿಂಬೆಹಣ್ಣಿನ ಪೊಟ್ಟಣವಿತ್ತು.

"ನಮ್ಮಣ್ಣನ ಹತ್ರ ಏನು ಮಾತಾಡಿದ್ರಿ?"

"ನಿಜ ಏನೋ ಅದನ್ನೇ."

"ಸಾಲದ್ದಕ್ಕೆ ಅಪ್ಪನಿಗೆ ಮೆಸೇಜ್ ಬೇರೆ!"

"ಓ, ಅದಾ? ಅದು ನಿಮ್ಮ ಕೈ ನೋಡಿ..."

"ನನ್ನ ಕೈ ಕಟ್ಟಿಹಾಕೋಕೆ ಅಂತ ಹೇಳಿ! ಇನ್ಮೇಲೆ ಈ ಮೆಟ್ಟಿಲು ಹತ್ತಬೇಡಿ. ನಮ್ಮಪ್ಪನ್ನ ಎಬ್ಬಿಸಿ ನಿಲ್ಲಿಸೋದು ನನಗೆ ಗೊತ್ತು!"

ಅವನ ಮುಖ ಬಿಳುಪೇರಿತು. ಅವಳ ಕಣ್ಣಲ್ಲಿ ತುಂಬಿದ್ದ ನೀರು ಅವನಿಗೆ ಕಂಡಿತು. ಪೊಟ್ಟಣವನ್ನು ಮೆಟ್ಟಿಲ ಮೇಲಿಟ್ಟು ಇಳಿದು ಹೋದ.

ಒಳಗೆ ಅಪ್ಪ ರೇಡಿಯೋ ಹಾಕಿಕೊಂಡೇ ನಿದ್ದೆ ಹೋಗಿದ್ದರು.

ಮರುದಿನ ರಜೆ ಹಾಕಿ ತಾನೇ ಸಲಾಡಿಗೆ ಕೂತಳು. ಸಿಟ್ಟಿನಲ್ಲಿ ಸೌತೆಕಾಯಿ ಕೊಚ್ಚಿದಳು. ಉಪ್ಪು ಸುರಿದಳು. ಅವನು ಬಿಟ್ಟುಹೋದ ನಿಂಬೆಹಣ್ಣನ್ನೇ ಹೋಳು ಮಾಡಿ ಹಿಂಡಿದಳು. ರಸ ಬೆರಳಿನ ಗಾಯಕ್ಕೆ ಇಳಿದು "ಅಮ್ಮಾ!" ಎಂದು ಚೀರಿದಳು.

ಮಧ್ಯಾಹ್ನ ಅಪ್ಪ ಚಮಚ ಅದ್ದಿ ನೋಡಿದರು. "ಏನಮ್ಮಾ ಇದು, ಸಲಾಡೋ ಕೆರೆನೋ? ಮೀನು ಮತ್ತೆ ಈಜೋಕೆ ಶುರು ಮಾಡಿದೆ!"

"ತಿನ್ನಿ ಸುಮ್ನೆ!"

"ಬೆಳಿಗ್ಗೇನೇ ಉಪ್ಪು, ಹುಳಿ ಹಾಕಿಟ್ರೆ ಸೌತೆಕಾಯಿ ನೀರು ಬಿಡ್ದೆ ಇನ್ನೇನು? ನಡುವೆ ಹುಳಿ ಹಿಂಡಬೇಡಿ, ತಿನ್ನೋ ಹೊತ್ತಿಗೆ ಹಿಂಡಬೇಕು ಅಂತ ಪಾಪ ಅವರು ಹೇಳಿಕಳಿಸಿದ್ರಲ್ಲ. ನಿನಗೇ ಕಳಿಸಿದ್ನಲ್ಲ!"

ಅವಳ ಕೈಯಲ್ಲಿದ್ದ ಲೋಟ ನಿಂತಲ್ಲೇ ನಿಂತಿತು.

"ಹುಳಿ... ಅಂದ್ರೆ... ನಿಂಬೆಹಣ್ಣಾ?"

"ಮತ್ತಿನ್ನೇನು? ಮಗಳ ಬೆರಳೆಲ್ಲ ಗಾಜು ಕುಯ್ದಿದೆ, ರಸ ಬಿದ್ರೆ ಉರಿಯುತ್ತೆ, ಅದನ್ನ ನಾನೇ ಬಂದು ಹಿಂಡ್ತೀನಿ ಅಂತ ಹಿಂದಿನ ದಿನ ನನ್ನ ಹತ್ರ ಹೇಳಿದ್ರಮ್ಮ."

ಅಯ್ಯೋ...!

ಅವಳು ತಕ್ಷಣ ಅಣ್ಣನಿಗೆ ಫೋನು ಹಚ್ಚಿದಳು. "ಅಣ್ಣಾ, ಅವರು ನಿನಗೇನು ಹೇಳಿದ್ರು?"

"ಏನ್ ಹೇಳೋದು! ಚೆನ್ನಾಗಿ ಉಗಿದ್ರು. ನಿಮ್ಮಪ್ಪ ಎದ್ದು ನಿಲ್ಲೋದಾದ್ರೆ ಆ ಮನೇಲೇ, ಆ ಹುಡುಗಿ ಎದುರಿಗೇ. ಬೇರೆ ಕಡೆ ಹಾಕಿದ್ರೆ ಮಲಗಿಬಿಡ್ತಾರೆ ಅಂದ್ರು. ಆದ್ರೂ ಕಣ್ಣಾರೆ ನೋಡದೆ ನಾನು ಒಪ್ಪಲ್ಲ, ಪುಟ್ಟಿ."

ಈಗ ಅವಳ ಸಿಟ್ಟೆಲ್ಲ ತನ್ನ ಮೇಲೆಯೇ ತಿರುಗಿತು. ಫಿಸಿಯೋಗೆ ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ!

ಮರುದಿನ ಬಾಗಿಲಲ್ಲಿ ನಿಂತಿದ್ದವರು ಬೇರೊಬ್ಬ ಹೆಂಗಸು. "ಈ ಮನೆಯ ಕೆಲಸ ಅವರು ನನಗೆ ಬಿಟ್ಟುಕೊಟ್ರು. ಅವರೇ ಕೇಳಿ ಬದಲಾಯಿಸ್ಕೊಂಡ್ರು," ಎಂದರು.

'ಒಂದು ಮಾತಿಗೆ ಓಡಿಹೋಗೋದಾ? ಹೇಡಿ!' ಎಂದುಕೊಂಡು ದಿಂಬಿಗೆ ಮುಖ ಒತ್ತಿ ಅತ್ತಳು.

ಭಾನುವಾರ ಅಣ್ಣ ಬಂದ. ಅಪ್ಪನ ಎದುರು ಕುರ್ಚಿ ಎಳೆದು ಕೂತ.

"ಎಲ್ಲಿ, ಏಳಿ ನೋಡೋಣ ಅಪ್ಪಾ."

ಅಪ್ಪ ಏಳಲು ನೋಡಿದರು. ತೊಡೆ ನಡುಗಿತು. ಧೊಪ್ಪನೆ ಕೂತರು. ಇನ್ನೊಮ್ಮೆ... ಆಗಲಿಲ್ಲ. ಹಣೆಯ ಮೇಲೆ ಬೆವರು ಮೂಡಿತು.

"ಪರೀಕ್ಷೆ ಥರ ಮುಂದೆ ಕೂತು ದುರುಗುಟ್ಟಿದ್ರೆ ಯಾರಿಗೆ ತಾನೇ ಏಳೋಕಾಗುತ್ತೆ?" ಅವಳು ಸಿಡಿದಳು. "ನಿನ್ನೆ ಎದ್ದಿದ್ರು!"

"ಕೂಗಾಡಬೇಡ ಪುಟ್ಟಿ. ನನಗೇನು ಅಪ್ಪ ಬೇಡವಾ? ನನಗೂ ಹೊಟ್ಟೆ ಉರಿಯುತ್ತೆ..."

ಅಷ್ಟರಲ್ಲಿ ಬಾಗಿಲ ಗಂಟೆಯ ಸದ್ದಾಯಿತು.

"ಯಾರೇ ಬಂದಿರಲಿ, ನಾನು ತೆಗೆಯಲ್ಲ!" ಎಂದು ಅವಳು ಗೋಡೆಗೆ ಮುಖ ಮಾಡಿ ನಿಂತಳು.

"ನಾನೂ ತೆಗೆಯಲ್ಲ!" ಎಂದ ಅಣ್ಣ.

ಮತ್ತೆ ಗಂಟೆಯ ಸದ್ದು. ಎರಡು ಸಲ, ಟಿಣ್ ಟಿಣ್.

"ಎಂಥಾ ಮಕ್ಕಳಪ್ಪಾ ನೀವು," ಎಂದು ಗೊಣಗಿದರು ಅಪ್ಪ. "ಕಂಡಕ್ಟರ್ ಎರಡು ಸಲ ಗಂಟೆ ಹೊಡೆದ್ರೆ ಗಾಡಿ ಹೊರಡ್ಬೇಕು. ಅಷ್ಟೂ ಗೊತ್ತಿಲ್ಲ!"

ಅವರು ಕುರ್ಚಿಯ ತೋಳನ್ನು ಒತ್ತಿದರು. ಎದ್ದರು. ಕೋಲೂರಿಕೊಂಡು ಬಾಗಿಲಿನತ್ತ ನಡೆದರು. ಅರ್ಧ ದಾರಿ ಹೋದ ಮೇಲಷ್ಟೇ ಮಕ್ಕಳಿಬ್ಬರೂ ಉಸಿರು ಬಿಗಿಹಿಡಿದು ನೋಡುತ್ತಿರುವುದು ಅವರಿಗೆ ಗೊತ್ತಾದದ್ದು.

ಅಣ್ಣ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ಸಾಕಪ್ಪಾ... ಇನ್ನು ಆ ಮಾತು ಎತ್ತಲ್ಲ."

ಅಪ್ಪ ಚಿಲಕ ತೆಗೆದರು. ಹೊರಗೆ ಅವನು!

"ಯಜಮಾನ್ರೇ... ನೀವು ಎದ್ದು ಬಂದ್ರಾ?"

"ಬಂದೆ. ಈಗ ನನ್ನನ್ನ ಕೂರಿಸೋಕೆ ಮಗ ಇದಾನೆ. ನೀನು ಅವಳ ಹತ್ರ ಮಾತಾಡು," ಎಂದು ಅಪ್ಪ ಅಣ್ಣನ ಹೆಗಲು ಹಿಡಿದು ತಿರುಗಿದರು.

ಅವಳು ಹೊಸ್ತಿಲಿಗೆ ಬಂದಳು. ಕ್ಷಮೆ ಕೇಳಬೇಕೆಂದಿದ್ದ ಬಾಯಿಂದ ಬಂದದ್ದು ಬೇರೆಯೇ.

"ಬ್ಯಾಗ್ ಎಲ್ಲಿ?"

"ತಂದಿಲ್ಲ. ಇವತ್ತು ಕೆಲಸಕ್ಕೆ ಬಂದಿಲ್ಲ."

"ನಮ್ಮನೆ ಯಾಕೆ ಬಿಟ್ಟುಕೊಟ್ರಿ? ಫೋನ್ ಯಾಕೆ ಎತ್ತಲಿಲ್ಲ? ನಾನು ಹುಳಿ ಅಂದ್ರೆ... ನಾನು ತಪ್ಪಾಗಿ ತಿಳ್ಕೊಂಡೆ ರೀ!"

"ಕೆಲಸಕ್ಕೆ ಹೋಗೋ ಮನೆಯ ಮಗಳಿಗೆ ನೀವಂದ್ರೆ ಇಷ್ಟ ಅಂತ ಹೇಳೋದು ಸರಿಯಲ್ಲ. ಅದಕ್ಕೇ ಮೊದಲು ಆ ಕೆಲಸ ಬಿಟ್ಟೆ. ಇನ್ನು ಫೋನು... ಎದುರಿಗೇ ಹೇಳ್ಬೇಕು ಅಂತಿದ್ದೆ. ಧೈರ್ಯ ಬರೋಕೆ ಇಷ್ಟು ದಿನ ಹಿಡೀತು."

"ನಾನು ಅಷ್ಟು ಬೈದ ಮೇಲೂ?"

"ನೀವು ಬೈದಿದ್ದು ನಿಮ್ಮಪ್ಪನ್ನ ಉಳಿಸ್ಕೊಳ್ಳೋಕೆ. ನನ್ನನ್ನೂ ಯಾರಾದ್ರೂ ಅಷ್ಟೇ ಕೋಪದಿಂದ ಉಳಿಸ್ಕೊಂಡ್ರೆ ಎಷ್ಟು ಚೆನ್ನ ಅನ್ನಿಸ್ತು..."

ಕೆನ್ನೆಯ ಮೇಲೆ ಇಳಿದ ಕಣ್ಣೀರನ್ನು ಅವಳು ಒರೆಸಿಕೊಳ್ಳಲಿಲ್ಲ.

"ನನಗಿನ್ನೂ ಸಿಟ್ಟಿದೆ, ಗೊತ್ತಾ?"

"ಗೊತ್ತು."

"ಬೈಯೋದು ಇನ್ನೂ ಬೇಕಾದಷ್ಟಿದೆ."

"ಅದಕ್ಕೇ ಬಂದೆ."

"ಹಾಗಾದ್ರೆ ಒಳಗೆ ಬಂದು ಬೈಸ್ಕೊಳ್ಳಿ. ಇಲ್ಲೇ ನಿಂತ್ರೆ ಕೆಳಗಿನ ಮನೆಗೆಲ್ಲ ಕೇಳುತ್ತೆ."

ಅವನು ನಕ್ಕ. "ಎಷ್ಟು ಹೊತ್ತು ಬೈತೀರಾ?"

ಅವಳು ಗಾಯದ ಬೆರಳುಗಳನ್ನು ಮೊದಲ ಬಾರಿ ಮುಚ್ಚಿಕೊಳ್ಳದೆ ಅವನತ್ತ ಚಾಚಿದಳು.

"ಜೀವಮಾನ ಪೂರ್ತಿ... ಆಗುತ್ತಾ?"

"ಆಗುತ್ತೆ," ಎಂದ ಅವನು, ಆ ಕೈಯನ್ನು ನೋಯದಂತೆ ಹಿಡಿದುಕೊಂಡು.