ಎಡ ಭುಜದ ಮೇಲಿನ ಕೈ

ಎರಡನೇ ಮಹಾಯುದ್ಧದ ನಡುವೆ, ಸಾವಿರದ ಒಂಬೈನೂರ ನಲವತ್ತೈದರ ಜನವರಿಯಲ್ಲಿ, ಬೆಲ್ಜಿಯಂನ ಕಾಡಿನಲ್ಲಿ, ಶತ್ರು ಟ್ಯಾಂಕುಗಳನ್ನು ಬೇಟೆಯಾಡುವ ನಮ್ಮ ಬಂಡಿಯ ಚಾಲಕ ಲೆಮ್ಯುಯೆಲ್ ಗುಂಡೇಟಿಗೆ ಸತ್ತ. ಮರುದಿನ ಅವನ ಸೀಟಿನಲ್ಲಿ ನಾನು ಕೂತೆ. ಬಂಡಿಯೊಳಗೆ ಒಬ್ಬರಿಗೊಬ್ಬರು ಮಾತಾಡುವ ಫೋನ್ ಕೆಟ್ಟಿತ್ತು. ಹಾಗಾಗಿ ಮೇಲೆ ತೆರೆದ ಗೋಪುರದಲ್ಲಿ ನಿಂತಿದ್ದ ಸಾರ್ಜೆಂಟ್ ಥರ್ಮನ್ ಬೂಟಿನ ತುದಿಯಿಂದ ನನ್ನ ಬೆನ್ನು ತಿವಿದು ದಾರಿ ತೋರಿಸುತ್ತಿದ್ದ.

ಮಧ್ಯಾಹ್ನದ ದಟ್ಟ ಮಂಜಿನಲ್ಲಿ ಇದ್ದಕ್ಕಿದ್ದಂತೆ ನನ್ನ ಎಡ ಭುಜದ ಮೇಲೆ ಒಂದು ಕೈ ಕೂತಿತು. ಉಕ್ಕು ಮುಟ್ಟಿದರೆ ಚರ್ಮ ಅಂಟಿಕೊಳ್ಳುವ ಆ ಚಳಿಯಲ್ಲೂ ಅದು ದಪ್ಪ ಕೋಟನ್ನು ದಾಟಿ ಬೆಚ್ಚಗೆ ತಾಗಿತು. ಯೋಚಿಸದೆ ಬಂಡಿಯನ್ನು ಎಡಕ್ಕೆಳೆದು ನಿಲ್ಲಿಸಿದೆ.

"ಏಯ್ ಆರ್ವಿಲ್, ತಲೆ ಕೆಟ್ಟಿದೆಯೇನೋ? ಎಡಕ್ಕೆ ಹೋಗು ಅಂತ ಯಾರೋ ಹೇಳಿದ್ದು?" ಥರ್ಮನ್ ಕಿರುಚಿದ.

"ನೀನೇ ಭುಜ ಹಿಡಿದೆಯಲ್ಲ!"

"ನನ್ನ ಎರಡೂ ಕೈ ಗನ್ ಮೇಲಿದೆ ಕಣೋ."

ಬೈಯುತ್ತಲೇ, ಏನೋ ಅನುಮಾನ ಬಂದು ಕೆಳಗಿಳಿದು, ನಾವು ಹೋಗಬೇಕಿದ್ದ ದಾರಿಯ ಹಿಮವನ್ನು ಕೆದಕಿದ. ಅಡಿಯಲ್ಲಿ ಸಾಲಾಗಿ ನೆಲಬಾಂಬುಗಳಿದ್ದವು. ಥರ್ಮನ್ ಹೆಲ್ಮೆಟ್ ತೆಗೆದು, ಲೆಮ್ಯುಯೆಲ್ ಕೂರುತ್ತಿದ್ದ ಸೀಟಿನ ಕಡೆ ನೋಡಿದ.

ಈಗ ನಾನು ಅಮೆರಿಕದ ನೆಬ್ರಾಸ್ಕಾದಲ್ಲಿ ಗೋಧಿ ಬೆಳೆಯುತ್ತೇನೆ. ಚಳಿಗಾಲದಲ್ಲಿ ಮೈಯೆಲ್ಲ ಮರಗಟ್ಟಿದರೂ ಆ ಭುಜ ಮಾತ್ರ ಬೆಚ್ಚಗಿರುತ್ತದೆ. ಹೆಂಡತಿ ವರ್ನಾ ಹಾಲು ಕರೆದು ಬಂದವಳು, ಏನೂ ಕೇಳದೆ, ತನ್ನ ತಣ್ಣನೆಯ ಕೈಗಳನ್ನು ಅಲ್ಲೇ ಇಟ್ಟು ಕಾಯಿಸಿಕೊಳ್ಳುತ್ತಾಳೆ.