ನಾಲ್ಕನೆಯ ಕವಾಟ

ಅಕ್ಕಿಕಾಳಿಗಿಂತ ಚಿಕ್ಕದಾದ ನೇಯ್ಗೆಯಂತ್ರ ಸರ್ವಮಂಗಳಾ ಅವರ ತೊಡೆಯ ರಕ್ತನಾಳದಿಂದ ಹೊರಟು ಹೃದಯ ತಲುಪಿತ್ತು. ಸವೆದ ಕವಾಟವನ್ನು ಚೂರುಚೂರೇ ಕರಗಿಸುತ್ತ, ಅದೇ ಜಾಗದಲ್ಲಿ ಅವರದೇ ಜೀವಕೋಶಗಳಿಂದ ಹೊಸದನ್ನು ನೇಯುತ್ತಿತ್ತು. ಹೃದಯ ಬಡಿಯುತ್ತಲೇ ಇತ್ತು. ಅದು ೨೦೬೪; ಅವರಿಗದು ಮೂರನೆಯ ಕವಾಟ. ಹಿಂದೆ ಮುದುಕರ ಎದೆಯನ್ನು ಎರಡನೆಯ ಸಲ ಸೀಳುವುದೆಂದರೆ ಜೂಜು. ಹಳೆಯ ಗಾಯದ ಅಂಟಿನಿಂದ ಹೃದಯ ಎಲುಬಿಗೇ ಕಚ್ಚಿಕೊಂಡಿರುತ್ತಿತ್ತು. ಯಂತ್ರ ಕಂಡುಹಿಡಿದ ಡಾ. ಶಾಲ್ಮಲಿ ಆ ಜೂಜನ್ನೇ ಮುಗಿಸಿದ್ದರು. ಸಂಜೆಗೆ ಸರ್ವಮಂಗಳಾ ಎದ್ದು ಕೂತು, ಬೆನ್ನು ಬಗ್ಗಿಸಿ ನಡೆಯುತ್ತಿದ್ದ ನರ್ಸನ್ನು ಗದರಿದರು. ತುಮಕೂರಿನ ಶಾಲೆಯಲ್ಲಿ ಆಟದ ಟೀಚರ್ ಆಗಿದ್ದವರು, ಸುಮ್ಮನಿರುತ್ತಾರೆಯೇ?

ಒಂಬತ್ತು ವರ್ಷಕ್ಕೆ ಆ ಕವಾಟವೂ ಬಿಗಿದುಕೊಂಡಿತು. ಆಗ ಅವರಿಗೆ ತೊಂಬತ್ತೊಂದು; ಮನೆಯವರ ಹೆಸರುಗಳು ಮರೆತುಹೋಗತೊಡಗಿದ್ದವು. ರೋಗಿಯ ಬಾಯಿಂದಲೇ ಒಪ್ಪಿಗೆ ಬರಬೇಕೆಂಬುದು ಕಾನೂನು. ಶಾಲ್ಮಲಿ ಮಂಚದ ಪಕ್ಕ ಕೂತರು.

“ಏನ್ ಮಾಡೋಣ, ಅಮ್ಮ?”

“ಸಾಕು ಕಣಮ್ಮ. ಬುದ್ಧಿ ನೆಟ್ಟಗಿರೋವಾಗ್ಲೇ ಹೊರಟುಬಿಡ್ತೀನಿ.”

ಮಗಳು ಸಿಂಚನಾ ಬೆಚ್ಚಿದಳು. “ಅಯ್ಯೋ, ಎಂಥಾ ಮಾತು! ಬಿಡ್ತು ಅನ್ನಮ್ಮ!”

ಅಪಶಕುನದ ಮಾತು ಬಾಯಿಗೆ ಬಂದರೆ ಹಾಗೆ ಅನ್ನಿಸಿ ಅಳಿಸಿಹಾಕುವುದು ನಮ್ಮ ಮನೆಗಳ ರೂಢಿ. ಮುದುಕಿ ಯೋಚಿಸಲೂ ಇಲ್ಲ.

“ಬಿಡ್ತು.”

“ಮತ್ತೆ ಮಾಡಿಸ್ಕೊತೀಯ ತಾನೆ?”

“ನಿನ್ನಿಷ್ಟ ಕಣೆ.”

ಅದು ಒಪ್ಪಿಗೆಯಲ್ಲವೆಂದು ಶಾಲ್ಮಲಿಗೆ ಗೊತ್ತಿತ್ತು. ಆದರೆ ಒಬ್ಬರಿಗೇ ನಾಲ್ಕನೆಯ ಕವಾಟವನ್ನು ಜಗತ್ತಿನಲ್ಲಿ ಯಾರೂ ನೇಯ್ದಿರಲಿಲ್ಲ. ಹಾಳಾದ ಆಸೆ! ಯಂತ್ರವನ್ನು ಒಳಗೆ ಬಿಟ್ಟರು.

ಕವಾಟ ಚೆನ್ನಾಗಿಯೇ ಕೂತಿತು. ಸರ್ವಮಂಗಳಾ ಮಾತ್ರ ದಿನೇ ದಿನೇ ಇಲ್ಲವಾದರು. ಮರೆವು ಮೊದಲು ಮಗಳನ್ನು, ಆಮೇಲೆ ಮಾತನ್ನೇ ನುಂಗಿತು. ಕೈಕಾಲು ಮಡಚಿಕೊಂಡವು, ಬೆನ್ನು ಹುಣ್ಣಾಯಿತು. ಹಿಂದೆಲ್ಲ ಇಂಥ ಹೊತ್ತಿಗೆ ಹೃದಯವೇ ದಯೆ ತೋರಿಸಿ ನಿಂತುಬಿಡುತ್ತಿತ್ತು. ಇದು ಹರೆಯದ ಹುಡುಗಿಯದರಂತೆ ಬಡಿಯುತ್ತಿತ್ತು.

“ಇನ್ನೆಷ್ಟು ದಿನ ಡಾಕ್ಟ್ರೇ ಈ ನರಕ?” ಸಿಂಚನಾ ಕೇಳಿದಳು.

“ಹೃದಯಕ್ಕೇನೂ ಆಗಿಲ್ಲ. ಇನ್ನೂ ಹತ್ತು ವರ್ಷ ಹೋಗಬಹುದು,” ಎಂದರು ಶಾಲ್ಮಲಿ, ಅವಳ ಮುಖ ನೋಡಲಾಗದೆ.

“ನಿಲ್ಲಿಸೋಕೆ ಆಗಲ್ವಾ?”

“ಅದನ್ನ ಅವರೇ ಹೇಳ್ಬೇಕಮ್ಮ. ಕಾನೂನು.”

ಸಿಂಚನಾ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮೂಗೊರೆಸಿಕೊಂಡು ತಾಯಿಯ ಕಿವಿಗೆ ಬಗ್ಗಿದಳು.

“ಅಮ್ಮಾ, ನಿಂಗೇನು ಬೇಕು? ಹೇಳು. ಏನ್ ಹೇಳಿದ್ರೂ ಕೇಳ್ತೀನಿ.”

ಸರ್ವಮಂಗಳಾ ಬಾಯಿ ತೆರೆದರು. ತೆರೆದುಕೊಂಡೇ ಇದ್ದರು, ಗಂಜಿಯ ಚಮಚ ಬರುತ್ತದೆಂದು.